ಹಳೆಯ ಹಾಡುಗಳೂ ನಮ್ಮ ಹುಡುಗಿಯರ ಕಂಠಗಳೂ

ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ನಾಲ್ಕು ಮಾತುಗಳನ್ನು ಬರೆಯಬೇಕೆಂಬುದು ನಮ್ಮ ಪಾಠಶಾಲೆಯ ವಾಡಿಕೆ. ಪರೀಕ್ಷೆಯ ಫಲಿತಾಂಶವೂ ಕಟ್ಟಡದ ನಿಧಿಯ ಲೆಕ್ಕವೂ ವಾರ್ಷಿಕ ವರದಿಯಲ್ಲಿ ಬರುವುವಾದುದರಿಂದ ಅವನ್ನು ಇಲ್ಲಿ ಎತ್ತುವುದಿಲ್ಲ. ಕಳೆದ ಜೂನ್ ತಿಂಗಳಿಂದ ಶುಕ್ರವಾರದ ಕಡೆಯ ಪೀರಿಯಡ್ಡಿನಲ್ಲಿ ಹಿಂದಿನ ದಶಕಗಳ ಕನ್ನಡ ಚಿತ್ರಗೀತೆಗಳನ್ನೂ ನಮ್ಮ ಸೀಮೆಯ ಕಂಸಾಳೆಯ ಪದಗಳನ್ನೂ ಹಾಡಿಸುತ್ತಿರುವೆವು. ಇದರಿಂದ ಕೆಲವು ಮಂದಿ ಪೋಷಕರಿಗೆ ಅಸಮಾಧಾನವಾಗಿದೆ. “ಮಿಷನ್ ಶಾಲೆಯಲ್ಲಿ ಸಿನಿಮಾ ಹಾಡೇ?” ಎಂದು ಕೆಲವರು; “ಇಂಗ್ಲಿಷ್ ಹಾಡು ಕಲಿಸಿದರೆ ಉಚ್ಚಾರಣೆಯಾದರೂ ತಿದ್ದೀತು” ಎಂದು ಇನ್ನು ಕೆಲವರು. ಇಬ್ಬರಿಗೂ ಉತ್ತರ ಹೇಳುವುದಕ್ಕೆ ಮುಂಚೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಅದು 2000ನೆಯ ಇಸವಿ. ನಾವು ಟ್ರೈನಿಂಗ್ ಮುಗಿಸಿ ಉಪಾಧ್ಯಾಯಿನಿಯಾಗಿ ಸೇರಿದ ಹೊಸತು. ಆ ವರ್ಷ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನ ಮನೆಯಿಂದ ವೀರಪ್ಪನ್ ಕಾಡಿಗೆ ಎಳೆದೊಯ್ದನು. ಗಾಜನೂರು ತಮಿಳುನಾಡಿಗೆ ಸೇರಿದ್ದರೂ ಚಾಮರಾಜನಗರದವರಿಗೆ ಅದು ನೆರೆಯ ಊರೇ. ನೂರೆಂಟು ದಿನಗಳ ತರುವಾಯ ನವೆಂಬರಿನಲ್ಲಿ ಅವರು ಹಿಂದಿರುಗಿದರು. ಡಿಸೆಂಬರಿನಲ್ಲಿ ನಮ್ಮ ವಾರ್ಷಿಕೋತ್ಸವ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಕಡೆಯಿಂದ ಬಂದು ಬೋರ್ಡಿಂಗಿನಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ತಾನು ರಾಜ್‌ಕುಮಾರ್ ಅವರ ಹಾಡೊಂದನ್ನು ಹಾಡುವೆನೆಂದು ಹೆಸರು ಕೊಟ್ಟಳು. ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ನಾಯಕನು ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡು ಅದು. ಕಾರ್ಯಕ್ರಮದ ಹೊಣೆ ನಮ್ಮದಾಗಿತ್ತು. ನಾವು ನಕ್ಕುಬಿಟ್ಟೆವು. ಗಣ್ಯರು ಬರುವ ಸಭೆಯಲ್ಲಿ ಎಮ್ಮೆಯ ಹಾಡೇ ಎಂದು ಕೇಳಿ, ಇಂಗ್ಲಿಷ್ ಹಾಡೊಂದನ್ನು ಬರೆದುಕೊಟ್ಟೆವು. ಆಕೆ ಅದನ್ನು ಬಾಯಿಪಾಠ ಮಾಡಿ ಒಂದಕ್ಷರವೂ ತಪ್ಪದೆ ಹಾಡಿದಳು. ಸಭೆಯವರು ಚಪ್ಪಾಳೆ ತಟ್ಟಿದರು. ಅಲ್ಲಿಂದ ಮುಂದೆ ಆಕೆ ಈ ಶಾಲೆಯಲ್ಲಿ ಎಂದೂ ಹಾಡಲಿಲ್ಲ. ಹತ್ತನೆಯ ತರಗತಿಯಲ್ಲಿ ನಾವೇ ಕರೆದಾಗ “ಗಂಟಲು ಸರಿಯಿಲ್ಲ, ಟೀಚರ್” ಎಂದಳು. ವರ್ಷವಿಡೀ ಸರಿಯಿಲ್ಲದ ಗಂಟಲುಂಟೇ? ಅಂದು ನಮಗೆ ಅದು ಹೊಳೆಯಲಿಲ್ಲ.

ನಾವು ನಕ್ಕ ಆ ಹಾಡಿನ ಹಿಂದೆ ಎಷ್ಟು ಸಾಧನೆಯಿತ್ತೆಂಬುದನ್ನು ಮುಂದೆ ತಿಳಿದೆವು. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ನಾಟಕದ ನಟರು. ಮಗನು ಹೆಚ್ಚು ಕಾಲ ಶಾಲೆಯಲ್ಲಿ ಓದಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿಯ ರಂಗವೇ ಅವರ ಪಾಠಶಾಲೆ. ಆ ರಂಗದಲ್ಲಿ ಹಾಡಲಾರದವನು ನಟನೇ ಅಲ್ಲ. ಆದಾಗ್ಯೂ 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲ್ಗೊಂಡು ಇಪ್ಪತ್ತು ವರ್ಷ ತೆರೆಯ ಮೇಲೆ ಅವರಿಗೆ ಬಹುಮಟ್ಟಿಗೆ ಇತರರ ಕಂಠವೇ, ಅದರಲ್ಲೂ ಪಿ. ಬಿ. ಶ್ರೀನಿವಾಸ್ ಅವರದು. 1956ರ ‘ಓಹಿಲೇಶ್ವರ’ದಲ್ಲಿ ಒಮ್ಮೆ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ಒಮ್ಮೆ, ಹೀಗೆ ಅಪರೂಪವಾಗಿ ಸ್ವಂತ ದನಿ ಕೇಳಿಸಿತು. 1974ರಲ್ಲಿ ಜಿ. ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಆ ಎಮ್ಮೆಯ ಹಾಡು ಬಂದ ಮೇಲೆಯೇ ಅವರು ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದುದು. ಅರವತ್ತು ದಾಟಿದ ಮೇಲೆ ‘ಜೀವನ ಚೈತ್ರ’ದ ಗಾಯನಕ್ಕಾಗಿ 1992ನೆಯ ಸಾಲಿನ ರಾಷ್ಟ್ರಪ್ರಶಸ್ತಿ ದೊರೆಯಿತು. ಇಪ್ಪತ್ತು ವರ್ಷ ತಡೆದಿದ್ದ ಕಂಠವೊಂದು ತೆರೆದುಕೊಂಡ ಹಾಡನ್ನೇ ಆ ಹುಡುಗಿ ಆರಿಸಿಕೊಂಡಿದ್ದಳು. ನಾವು ಅವಳ ಕಂಠವನ್ನು ಮುಚ್ಚಿಸಿದೆವು.

ಇಂಥ ನಿರ್ಣಾಯಕರು ನಾವೊಬ್ಬರೇ ಅಲ್ಲವೆಂಬುದು ಒಂದು ಸಮಾಧಾನ, ಅದನ್ನು ಸಮಾಧಾನವೆನ್ನಬಹುದಾದರೆ. ಜಪಾನಿನ ಯೋಕೊಹಾಮಾ ನಗರದಲ್ಲಿ ಮೀನು ಮಾರುವವನೊಬ್ಬನ ಮಗಳಿದ್ದಳು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಒಂಬತ್ತು ವರ್ಷದ ಆ ಬಾಲೆ ಅಲ್ಲಿನ ಬಾನುಲಿಯ ಹವ್ಯಾಸಿ ಗಾಯನ ಸ್ಪರ್ಧೆಯಲ್ಲಿ ಹಾಡಿದಳು. ದೊಡ್ಡವರಂತೆ ಹಾಡುವುದು ಮಗುವಿಗೆ ತಕ್ಕುದಲ್ಲವೆಂದು ಪರೀಕ್ಷಕರು ಅವಳನ್ನು ತೇರ್ಗಡೆ ಮಾಡಲಿಲ್ಲವೆಂಬುದು ಪ್ರಸಿದ್ಧವಾದ ಮಾತು. ಆಕೆಯೇ ಮಿಸೋರ ಹಿಬಾರಿ. ಹನ್ನೆರಡನೆಯ ವಯಸ್ಸಿನಲ್ಲಿ ಆಕೆಯ ಹಾಡು ಗ್ರಾಮಫೋನ್ ಪ್ಲೇಟಿನಲ್ಲಿ ಬಂದಿತು. 1989ರಲ್ಲಿ ಆಕೆ ತೀರಿಕೊಂಡಾಗ ಆ ದೇಶದ ಸರಕಾರವು ತನ್ನ ರಾಷ್ಟ್ರಗೌರವವನ್ನು ಮೊತ್ತಮೊದಲನೆಯದಾಗಿ ಸ್ತ್ರೀಯೊಬ್ಬಳಿಗೆ ಸಲ್ಲಿಸಿತು. ಆ ಬಾಲೆಗೆ ಹಟವಿತ್ತು, ತಾಯಿಯ ಬೆಂಬಲವಿತ್ತು, ಬದುಕಿಕೊಂಡಳು. ತೆರಕಣಾಂಬಿಯ ಹುಡುಗಿಗೆ ನಮ್ಮ ನಗೆಯೊಂದೇ ಸಾಕಾಯಿತು.

ಹೆಣ್ಣುಮಕ್ಕಳ ತಂದೆತಾಯಂದಿರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ತಾಯಂದಿರ ಕಾಲದಿಂದ ಕನ್ನಡಿಗರ ಮನೆಮನೆಯಲ್ಲಿ ಕೇಳಿಬಂದ ಸ್ತ್ರೀಕಂಠಗಳು ಯಾರವು? ಎಸ್. ಜಾನಕಿ, ಪಿ. ಸುಶೀಲ, ಇವರು ಆಂಧ್ರದವರು. ವಾಣಿ ಜಯರಾಂ ವೆಲ್ಲೂರಿನವರು. ಪರಭಾಷೆಯ ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ ಹಾಡಿದ ಆ ತಾಯಂದಿರಿಗೆ ನಾವು ಋಣಿಗಳು. ಬಿ. ಕೆ. ಸುಮಿತ್ರಾ, ಕಸ್ತೂರಿ ಶಂಕರ್, ಮಂಜುಳಾ ಗುರುರಾಜ್ ಮೊದಲಾದವರು ನಮ್ಮಲ್ಲಿಯೂ ಬಂದರು. ಆದರೂ ಇಷ್ಟು ಕಂಠಗಳಿರುವ ನಾಡಿನಲ್ಲಿ ಅಷ್ಟು ಕಾಲ ಹೊರಗಿನವರನ್ನೇ ನೆಚ್ಚಬೇಕಾಯಿತೇಕೆ? ಚಿತ್ರಗೀತೆಗಳು ಮದರಾಸಿನಲ್ಲಿ ಧ್ವನಿಮುದ್ರಣವಾಗುತ್ತಿದ್ದುದು ಒಂದು ಕಾರಣ. ಹುಡುಗಿ ಹಾಡತೊಡಗಿದೊಡನೆ ಮನೆಯಲ್ಲಿ ಅಜ್ಜಿಯೂ ಶಾಲೆಯಲ್ಲಿ ನಮ್ಮಂಥವರೂ “ಸಾಕು ಸುಮ್ಮನಿರು” ಎಂದುದು ಎರಡನೆಯದೆಂದು ನಮ್ಮ ಅಭಿಪ್ರಾಯ.

ಇನ್ನು ಆಕ್ಷೇಪಗಳು. ಮಿಷನ್ ಶಾಲೆಗೆ ದೇಶದ ಧಾಟಿ ಸಲ್ಲದೆಂಬುವರು ಕಿಟ್ಟೆಲ್ ಪಂಡಿತರನ್ನು ನೆನೆಯಲಿ. ನಿಘಂಟು ಬರುವುದಕ್ಕೆ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಅವರು ಕ್ರಿಸ್ತಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಲ್ಲಿ ಕನ್ನಡದ ಛಂದಸ್ಸಿಗೆ ಅಳವಡಿಸಿದರು. ಇಂಗ್ಲಿಷ್ ಹಾಡಿನ ಪಕ್ಷದವರಿಗೆ ಮತ್ತೊಂದು ಜಪಾನಿ ದೃಷ್ಟಾಂತ: ಸಕಾಮೊಟೊ ಕ್ಯೂ ಎಂಬ ಯುವಕನು ಹಾಡಿದ ಜಪಾನಿ ಗೀತೆಯೊಂದು 1963ರ ಜೂನ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ಕೊಂಡು ಕೇಳಿದವರಲ್ಲಿ ಬಹುಮಂದಿಗೆ ಒಂದು ಪದವೂ ತಿಳಿಯದು. ಹೆಸರು ಉಚ್ಚರಿಸುವುದು ಕಷ್ಟವೆಂದು ಅದಕ್ಕೆ ‘ಸುಕಿಯಾಕಿ’ ಎಂಬ ಒಂದು ಅಡಿಗೆಯ ಹೆಸರನ್ನಿಟ್ಟರು. ವಿರಹದ ಹಾಡೊಂದಕ್ಕೆ ಬಿಸಿಬೇಳೆ ಹುಳಿಯನ್ನವೆಂದು ಹೆಸರಿಟ್ಟಂತಾಯಿತು! ಹಾಡುವವನು ತನ್ನ ಮಾತಿನಲ್ಲಿ ಮನಸ್ಸಿಟ್ಟು ಹಾಡಿದನು. ಅಷ್ಟರಿಂದಲೇ ಅದು ಸಮುದ್ರ ದಾಟಿತು.

ಸಿನಿಮಾದ ಹಾಡೆಲ್ಲವೂ ಹಿತವೆಂದು ನಾವು ಹೇಳುತ್ತಿಲ್ಲ. ಹೆಣ್ಣನ್ನು ಹಿಂಬಾಲಿಸಿ ಕೆಣಕುವುದನ್ನೇ ಪ್ರೇಮವೆನ್ನುವ ಹಾಡುಗಳು ಹಳೆಯವುಗಳಲ್ಲಿಯೂ ಬೇಕಾದಷ್ಟಿವೆ. ಅವು ಎಷ್ಟೇ ಇಂಪಾಗಿದ್ದರೂ ನಮ್ಮಲ್ಲಿ ಪ್ರವೇಶವಿಲ್ಲ. ಹುಡುಗಿಯರೇ ಹಾಡನ್ನು ತಂದು, ಮಾತುಗಳನ್ನು ಕರಿಹಲಗೆಯ ಮೇಲೆ ಬರೆದು ಅರ್ಥ ಹೇಳಬೇಕೆಂಬುದು ನಿಯಮ. ಅರ್ಥ ಹೇಳಲು ನಾಚಿಕೆಯಾದ ಹಾಡು ತಾನಾಗಿಯೇ ಬಿದ್ದುಹೋಗುವುದು. ಹೀಗೆಯೇ 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್. ಎನ್. ಶಾಸ್ತ್ರಿಯವರು ಹಾಡಿದ ಜಂಗಮನ ಹಾಡು ಬಂದಾಗ, ಕೊಳ್ಳೇಗಾಲದ ಕಡೆಯ ಹುಡುಗಿಯೊಬ್ಬಳು ಎದ್ದು, “ಇದು ನಮ್ಮ ತಾತ ಹಾಡುವ ಮಾದಪ್ಪನ ಪದದ ಧಾಟಿ, ಟೀಚರ್” ಎಂದಳು. ಮುಂದಿನ ಶುಕ್ರವಾರ ತಾತನೇ ಬಂದರು. ಎಡಗೈಯ ಬಟ್ಟಲಿಗೆ ಬಲಗೈಯ ತಾಳವನ್ನು ತಾಕಿಸುವ ರೀತಿಯನ್ನು ತೋರಿಸಿಕೊಟ್ಟರು. ಕಂಸಾಳೆ ಹಿಡಿಯುವ ದೇವರಗುಡ್ಡರು ಗಂಡಸರು. ಹುಡುಗಿಯರ ಕೈಗೆ ಕೊಡುವರೋ ಇಲ್ಲವೋ ಎಂದು ನಾವು ಅಂಜಿದ್ದೆವು. ಕೊಟ್ಟರು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮ ಅತ್ತೆಯರೂ ಅಜ್ಜಿಯರೂ ಬಲ್ಲ ಸೋಬಾನೆ, ಬೀಸುವ ಪದಗಳನ್ನು ಬರೆದು ಕಳುಹಿಸಿರಿ, ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಎಸೆಯದೆ ಇತ್ತ ಕೊಡಿರಿ.

ಈ ಜೂನ್‌ನಲ್ಲಿ ಆ ತೆರಕಣಾಂಬಿಯ ಹುಡುಗಿ ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದಳು. ಅರ್ಜಿಗೆ ಸಹಿ ಹಾಕಿ ಹೊರಡುವಾಗ ಬಾಗಿಲಲ್ಲಿ ನಿಂತು, “ಇವಳ್ನಾದ್ರೂ ಹಾಡಾಕ್ ಬುಡಿ, ಟೀಚರ್” ಎಂದಳು. ಮಾತು ಅಷ್ಟೇ. ಈ ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿಯಲ್ಲಿ ಏಳನೆಯದು ಆ ಮಗುವಿನ ಹಾಡು. ಯಾವುದೆಂದು ನಾವು ಕೇಳಲಿಲ್ಲ. ಆದರೆ ಬೋರ್ಡಿಂಗಿನ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದಿನವೂ ಬೆಳಿಗ್ಗೆ ಎಮ್ಮೆಯ ಹಾಡಿನ ಅಭ್ಯಾಸ ನಡೆಯುತ್ತಿರುವುದು.