ತೂಕವೊಂದೇ ಸಾಲದು, ನಡುವಿನ ಅಳತೆಯೂ ಬೇಕು



ಬರುವ ಸರ್ವಸಾಧಾರಣ ಸಭೆಯ ಮುಂದೆ ಒಂದು ಸೂಚನೆ ಬರಲಿದೆ. ದೇಹದಲ್ಲಿರುವ ಕೊಬ್ಬು, ಮಾಂಸಖಂಡ, ನೀರು ಇವುಗಳ ಪ್ರಮಾಣ ತೋರಿಸುವ ಯಂತ್ರವೊಂದನ್ನು ಸದಸ್ಯರ ಕಲ್ಯಾಣ ನಿಧಿಯಿಂದ ಖರೀದಿಸಿ ಸಂಘದ ಕಚೇರಿಯಲ್ಲಿ ಇಡಬೇಕೆಂಬುದೇ ಆ ಸೂಚನೆ. ಕಾರ್ಯದರ್ಶಿಯಾಗಿ ಅದನ್ನು ಸಭೆಯ ಮುಂದಿಡುವುದು ನನ್ನ ಕರ್ತವ್ಯ. ಆದರೆ ಒಬ್ಬ ಸದಸ್ಯನಾಗಿ ನನ್ನ ಅಭಿಪ್ರಾಯ ಬೇರೆ. ಅದನ್ನು ಸಭೆಗೆ ಮೊದಲೇ ತಿಳಿಸುವುದು ಯೋಗ್ಯವೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಸೂಚನೆಯ ಹಿಂದಿನ ಕಾಳಜಿ ಸರಿಯಾದದ್ದೇ. ನಮ್ಮ ಡಂಬಳದ ಕಡೆ ಮೊದಲು ಮೊಟ್ಟೆ ಹೊಡೆದು ನೀರೆತ್ತುತ್ತಿದ್ದರು, ಹೊಲಕ್ಕೆ ನಡೆದೇ ಹೋಗುತ್ತಿದ್ದರು. ಈಗ ಮೊಬೈಲಿನ ಗುಂಡಿ ಒತ್ತಿದರೆ ಬೋರಿನ ಮೋಟರು ಶುರುವಾಗುತ್ತದೆ, ಹನಿ ನೀರು ತಾನೇ ಗಿಡದ ಬುಡಕ್ಕೆ ಹೋಗುತ್ತದೆ. ಘಟ್ಟದ ಕಡೆಯ ಕಾಫಿ ಬೆಳೆಗಾರ ಬಾಂಧವರೂ ಗುಡ್ಡ ಹತ್ತುವ ಬದಲು ಜೀಪು ಹತ್ತುತ್ತಾರೆ. ಕೆಲಸ ಕಡಿಮೆಯಾಯಿತು, ಊಟ ಕಡಿಮೆಯಾಗಲಿಲ್ಲ. ಎರಡು ಹೊತ್ತು ಜೋಳದ ರೊಟ್ಟಿ ತಿನ್ನುತ್ತಿದ್ದ ಮನೆಗಳಲ್ಲಿ ಅನ್ನದ ಪಾತ್ರೆ ದೊಡ್ಡದಾಗಿದೆ. ಸಂಜೆಗೆ ಮಿರ್ಚಿ ಭಜಿ, ದಿನಕ್ಕೆ ಆರು ಸಲ ಚಹಾ. ಹೀಗಿರುವಾಗ ಸಕ್ಕರೆ ಕಾಯಿಲೆಯಿಲ್ಲದ ಮನೆ ಹುಡುಕುವುದೇ ಕಷ್ಟವಾಗಿದೆ.

ಇಲ್ಲಿ ಮೊದಲು ತಿಳಿಯಬೇಕಾದ ಮಾತೆಂದರೆ, ತಕ್ಕಡಿ ಎಲ್ಲವನ್ನೂ ಹೇಳುವುದಿಲ್ಲ. ಇದನ್ನು ಬೆಳೆಗಾರರಿಗೆ ಯಾರೂ ಕಲಿಸಬೇಕಿಲ್ಲ. ಒಂದು ಕ್ವಿಂಟಲ್ ಹಸಿ ಕಾಯಿ ತೂಗಿದ ಮಾತ್ರಕ್ಕೆ ಒಣ ಅಡಿಕೆ ಎಷ್ಟು ಬೀಳುತ್ತದೆಂದು ಯಾರು ಹೇಳಬಲ್ಲರು? ಕಾಫಿ ಚೀಲದ ತೂಕದಲ್ಲಿ ಕಾಳೆಷ್ಟು, ನೀರೆಷ್ಟು ಎಂದು ನೋಡದೆ ದರ ಗೊತ್ತುಮಾಡುವವರುಂಟೆ? ಮನುಷ್ಯನ ಮೈಯೂ ಹಾಗೆಯೇ.

ಇದಕ್ಕೆ ಒಳ್ಳೆಯ ಉದಾಹರಣೆ ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರದು. ಅವರೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅವರೂ 2004ರಲ್ಲಿ ತಮ್ಮಿಬ್ಬರ ಅಳತೆಗಳನ್ನೇ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿ.ಎಂ.ಐ., ಇಬ್ಬರದೂ 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇಕಡಾ 9.1 ಇದ್ದರೆ, ಯಾಜ್ಞಿಕ್ ಅವರ ಮೈಯಲ್ಲಿ ಶೇಕಡಾ 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ, ಅದರಲ್ಲೂ ಹೊಟ್ಟೆಯಲ್ಲಿ, ಕೊಬ್ಬು ಅಡಗಿ ಕೂತಿರುತ್ತದೆಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ. ಆದ್ದರಿಂದಲೇ ಬೇರೆ ದೇಶದವರಿಗೆ 25 ದಾಟಿದರೆ ಅಧಿಕ ತೂಕವೆನ್ನುವ ವೈದ್ಯರು ನಮಗೆ 23ಕ್ಕೇ ಎಚ್ಚರಿಕೆ ಹೇಳುತ್ತಾರೆ. ನಡುವಿನ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದೆನ್ನುತ್ತಾರೆ.

ಹಾಗಾದರೆ ಯಂತ್ರವೇ ಬೇಕಲ್ಲವೇ ಎಂದು ತಾವು ಕೇಳಬಹುದು. ಆ ಯಂತ್ರ ಕೆಲಸ ಮಾಡುವ ರೀತಿ ನಮ್ಮ ಕಾಫಿಯ ತೇವಾಂಶ ಮೀಟರಿನಂತೆಯೇ. ಮೀಟರು ನೀರನ್ನು ಕಣ್ಣಾರೆ ನೋಡುವುದಿಲ್ಲ. ವಿದ್ಯುತ್ತಿನ ಗುಣ ಅಳೆದು ಲೆಕ್ಕ ಹಾಕಿ ಹೇಳುತ್ತದೆ. ಈ ಯಂತ್ರವೂ ಮೈಯೊಳಗೆ ಅತಿ ಸಣ್ಣ ವಿದ್ಯುತ್ ಹರಿಸುತ್ತದೆ. ಮಾಂಸಖಂಡದಲ್ಲಿ ನೀರು ಹೆಚ್ಚು, ಅಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ಅಲ್ಲಿ ತಡೆಯುತ್ತದೆ. ಅದರ ಮೇಲೆ ವಯಸ್ಸು, ಎತ್ತರ ಸೇರಿಸಿ ಒಂದು ಅಂಕಿ ಕೊಡುತ್ತದೆ. ಬಾಯಾರಿ ಬಂದವನಿಗೆ ಕೊಬ್ಬು ಹೆಚ್ಚೆಂದು ತೋರಿಸಬಹುದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದರ ಮೇಲೆ ನಿಲ್ಲಬಾರದು. ದಿನವೂ ಒಂದೇ ಹೊತ್ತಿಗೆ, ಒಂದೇ ಯಂತ್ರದ ಮೇಲೆ ನಿಂತು ಆರು ತಿಂಗಳ ಏರಿಳಿತ ನೋಡುವವನಿಗೆ ಅದು ಉಪಯೋಗಿ. ಒಂದು ದಿನ ನಿಂತು ಗಾಬರಿಯಾಗುವವನಿಗೆ ಅಲ್ಲ.

ಈ ಗಾಬರಿಯ ಅನುಭವ ನನಗೇ ಆಗಿದೆ. ಎರಡು ವರ್ಷದ ಹಿಂದೆ ಪೇಟೆಯಲ್ಲಿ ‘ಉಚಿತ ತಪಾಸಣೆ’ ಎಂಬ ಫಲಕ ನೋಡಿ ಒಳಗೆ ಹೋದೆ. ಯಂತ್ರದ ಮೇಲೆ ನಿಲ್ಲಿಸಿದ ಹುಡುಗ, “ಸರ್, ನಿಮ್ಮ ದೇಹದ ವಯಸ್ಸು ಎಪ್ಪತ್ತು” ಎಂದ. ಎದೆ ಝಲ್ಲೆಂದಿತು. ಮರುಕ್ಷಣವೇ ಪುಡಿಯ ಡಬ್ಬಿ ಮೇಜಿನ ಮೇಲೆ ಬಂತು. ಮೂರು ತಿಂಗಳಿಗೆ ಇಷ್ಟು ಸಾವಿರವೆಂದು ಚೀಟಿಯನ್ನೂ ಬರೆದ. ನಾಚಿಕೆಯ ಮಾತು, ಒಂದು ಡಬ್ಬಿ ಕೊಂಡುಕೊಂಡೇ ಬಂದೆ. ಮನೆಯಲ್ಲಿ ನನ್ನಾಕೆ ಡಬ್ಬಿ ನೋಡಿ, “ಉಡದಾರ ಎಷ್ಟು ಸಲ ಬದಲಿಸೀರಿ ಅಂತ ನನ್ನ ಕೇಳಿದ್ರ ಪುಕ್ಕಟೆ ಹೇಳತಿದ್ದೆನಲ್ಲ” ಎಂದಳು.

ಅವಳ ಮಾತಿನಲ್ಲಿ ಇಡೀ ವಿಷಯವಿದೆ. ಟೇಪು ಹಿಡಿದು ಅಳೆದೆ. ತೂಕ 66 ಕಿಲೋ. ನೋಡಿದವರು ಯಾರೂ ದಪ್ಪವೆನ್ನರು. ನಡು ಮಾತ್ರ 97 ಸೆಂಟಿಮೀಟರ್! ಅಂದಿನಿಂದ ಚಹಾ, ಕಾಫಿಗೆ ಸಕ್ಕರೆ ಬಿಟ್ಟೆ. ಆರು ಕಪ್ಪಿಗೆ ಎರಡೆರಡು ಚಮಚೆಯಂತೆ ದಿನಕ್ಕೆ ಸುಮಾರು 50-60 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗುತ್ತಿತ್ತು. ರಾತ್ರಿ ಅನ್ನ ಬಿಟ್ಟು ಒಂದೂವರೆ ರೊಟ್ಟಿ, ಕಾಳು ಪಲ್ಯ, ಮಜ್ಜಿಗೆ ಹಿಡಿದೆ. ತೋಟಕ್ಕೆ ಬೈಕು ಬಿಟ್ಟು ನಡೆದೆ; ಗುದ್ದಲಿ ಕೆಲಸ ದಿನಕ್ಕೆ ಅರ್ಧ ತಾಸು ಸ್ವತಃ ಮಾಡಿದೆ. ವರ್ಷದ ಕೊನೆಗೆ ತೂಕ ಇಳಿದದ್ದು ಮೂರೇ ಕಿಲೋ, ನಡು ಇಳಿದದ್ದು ಆರು ಸೆಂಟಿಮೀಟರ್. ತಕ್ಕಡಿಯನ್ನಷ್ಟೇ ನಂಬಿದ್ದರೆ ಬೇಸತ್ತು ನಡುವೆಯೇ ಕೈಬಿಡುತ್ತಿದ್ದೆ. ಇನ್ನೂ 90ರ ಒಳಗೆ ಬಂದಿಲ್ಲ, ಪ್ರಯತ್ನ ನಡೆದಿದೆ.

ತೂಕ ಇಳಿಯದಿದ್ದರೂ ಲಾಭವುಂಟೆಂಬುದಕ್ಕೆ ದೊಡ್ಡ ಆಧಾರವೂ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು ಊಟ, ನಡಿಗೆಗಳನ್ನು ಸರಿಪಡಿಸಿಕೊಂಡಾಗ ಕಾಯಿಲೆ ಬರುವ ಸಂಭವ ಶೇಕಡಾ 28.5ರಷ್ಟು ಕಡಿಮೆಯಾಯಿತು, ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಉಪವಾಸ ಬಿದ್ದು ತಿಂಗಳಲ್ಲಿ ಹತ್ತು ಕಿಲೋ ಇಳಿಸುವವರು ಕೊಬ್ಬಿನ ಜೊತೆಗೆ ಮಾಂಸಖಂಡವನ್ನೂ ಕಳೆದುಕೊಳ್ಳುತ್ತಾರೆ. ಕಳೆ ಕೀಳಹೋಗಿ ಸಸಿಯನ್ನೂ ಕಿತ್ತಂತೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಹೆಚ್ಚು ಎಚ್ಚರ ವಹಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ನಡುವಿನ ಅಳತೆ ತೆಗೆದರು. ದೇಶದಲ್ಲಿ ಹೊಟ್ಟೆಯ ಬೊಜ್ಜು ಗಂಡಸರಲ್ಲಿ ಶೇಕಡಾ 12, ಹೆಂಗಸರಲ್ಲಿ ಶೇಕಡಾ 40 ಎಂದು ಕಂಡಿತು. ಶಿಬಿರಕ್ಕೆ ನಾವು ಗಂಡಸರಷ್ಟೇ ಬಂದು ಹೋದರೆ ಸಾಲದು.

ಈಗ ಸೂಚನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದರು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಸಾಲ ಕೊಟ್ಟವನೇ ಲೆಕ್ಕ ಬರೆಯಬಾರದು, ಕೊಳ್ಳುವವನೇ ತಕ್ಕಡಿ ಹಿಡಿಯಬಾರದು ಎಂಬುದೇ ಸಹಕಾರದ ಮೊದಲ ಪಾಠ. ನಮ್ಮ ಮೈಯ ವಿಷಯದಲ್ಲಿ ಮಾತ್ರ ಪುಡಿ ಮಾರುವವನ ಯಂತ್ರವನ್ನು ನಂಬುವುದು ಯಾವ ನ್ಯಾಯ? ಸಂಘ ಯಂತ್ರ ಕೊಂಡರೂ ಅದನ್ನು ಓದಿ ಹೇಳುವವರಾರು? ಆರು ತಿಂಗಳಲ್ಲಿ ಅದರ ಮೇಲೆ ಬಟ್ಟೆ ಮುಚ್ಚಿರುತ್ತದೆ.

ಆದಕಾರಣ ನನ್ನ ಸಲಹೆ ಇಷ್ಟು. ಸದಸ್ಯರ ಪ್ರತಿ ಮನೆಗೆ ಒಂದು ಅಳತೆ ಟೇಪು ಕೊಡೋಣ. ಕಚೇರಿಯಲ್ಲಿ ಒಂದು ಸರಿಯಾದ ತೂಕದ ಯಂತ್ರ ಇಡೋಣ. ಪ್ರತಿ ತಿಂಗಳ ಮೊದಲ ಸೋಮವಾರ ಇಷ್ಟವಿದ್ದವರು ತೂಕ, ನಡುವಿನ ಅಳತೆ ಎರಡನ್ನೂ ಸ್ವಂತ ಕಾರ್ಡಿನಲ್ಲಿ ಬರೆಸಿಕೊಳ್ಳಲಿ. ಉಳಿದ ಹಣವನ್ನು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಗೆ ಇಡೋಣ. 30 ವರ್ಷ ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ಮನೆಗೆ ತರುವ ಪ್ರಶ್ನಾವಳಿಯಲ್ಲಿ ನಡುವಿನ ಅಳತೆಯ ಪ್ರಶ್ನೆಯೂ ಇದೆ. ಅವರು ಬಂದಾಗ “ಏನಿಲ್ಲ, ಆರಾಮ ಇದ್ದೀವಿ” ಎಂದು ಕಳಿಸಬೇಡಿರಿ.

ಅಳೆಯುವ ಕ್ರಮ ಕಠಿಣವಲ್ಲ. ಕೊನೆಯ ಪಕ್ಕೆಲುಬಿಗೂ ಟೊಂಕದ ಎಲುಬಿನ ಮೇಲ್ತುದಿಗೂ ನಟ್ಟನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ, ಬಟ್ಟೆ ಸರಿಸಿ ಟೇಪು ಸುತ್ತಬೇಕು. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನಾವೇ. ಟೇಪು ಇಲ್ಲವೆ? ತಮ್ಮ ಎತ್ತರದಷ್ಟು ಹುರಿ ಕತ್ತರಿಸಿ, ಅರ್ಧಕ್ಕೆ ಮಡಿಚಿ ನಡುವಿಗೆ ಸುತ್ತಿ ನೋಡಿರಿ. ತುದಿಗಳು ಕೂಡಿದರೆ ಸಮಾಧಾನ. ಕೂಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣಿರಿ.

ಸಭೆಗೆ ಬರುವಾಗ ಆ ಹುರಿಯನ್ನು ಜೇಬಿನಲ್ಲಿಟ್ಟುಕೊಂಡು ಬನ್ನಿರಿ. ನಾನೂ ತರುತ್ತೇನೆ. ಅದನ್ನು ನೋಡಿಕೊಂಡೇ ಮತ ಹಾಕೋಣ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ