ಹತ್ತು ಜನರ ಗೆಲುವು, ಮುಗಿಯದ ವಾದ

ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಗೆದ್ದರೆ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನು. ಊಟ ಮುಗಿದರೂ ವಾದ ಮಾತ್ರ ಮುಗಿಯುವುದಿಲ್ಲ.

2023ರ ಸೆಪ್ಟೆಂಬರ್ 3ರ ಡ್ಯುರಾಂಡ್ ಕಪ್ ಫೈನಲ್ಲನ್ನೇ ನೋಡಿ. 62ನೇ ನಿಮಿಷದಲ್ಲಿ ಬಾಗಾನ್‌ನ ಅನಿರುದ್ಧ್ ಥಾಪಾ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. ಇನ್ನು ಈಸ್ಟ್ ಬೆಂಗಾಲ್‌ನದೇ ಆಟ ಎಂದುಕೊಳ್ಳುವಷ್ಟರಲ್ಲಿ, 71ನೇ ನಿಮಿಷ, ದಿಮಿತ್ರಿ ಪೆಟ್ರಾಟೋಸ್ ಚೆಂಡಿನೊಡನೆ ಓಡಿ ದೂರದಿಂದಲೇ ಒದ್ದರು. 1-0!

‘ಹತ್ತೇ ಜನ ಆಡಿ ಗೆದ್ದೆವು’ ಎಂದು ಬಾಗಾನ್‌ನವರ ಜಂಬ. ‘ಆಗಸ್ಟ್ 12ರಂದು ನಾವೂ 1-0 ಗೆದ್ದಿದ್ದೆವಲ್ಲ, ಲೆಕ್ಕ ಚುಕ್ತಾ’ ಎಂದು ಈ ಕಡೆಯವರು. ‘ಲೀಗ್ ಹಂತದ ಪಂದ್ಯಕ್ಕೆ ಕಪ್ ಕೊಡುತ್ತಾರೇನು?’ ಎಂದು ಮರುಸವಾಲು. ಅದು ಬಾಗಾನ್‌ಗೆ 17ನೇ ಡ್ಯುರಾಂಡ್; ಎದುರಾಳಿಗೆ 16. ಅಲ್ಲೂ ಅಂತರ ಒಂದೇ!

ಈ ಗದ್ದಲದಲ್ಲಿ ಹುರುಳಿರುವ ಮಾತೂ ಒಂದುಂಟು. ಎದುರಾಳಿಗೆ ಒಬ್ಬ ಕಡಿಮೆಯಾದನೆಂದು ಎಲ್ಲರೂ ಮುಂದೆ ನುಗ್ಗಿದರೆ ಹಿಂದೆ ಜಾಗ ತೆರವಾಗುತ್ತದೆ. ವೇಗದ ಒಬ್ಬನೇ ಆಟಗಾರನಿಗೆ ಅಷ್ಟು ಸಾಕು.

ಹುಡುಗರ ದನಿ ಏರಿದಾಗ ಹಳಬರು ನಡುವೆ ಬಾಯಿ ಹಾಕುವುದಕ್ಕೆ ಕಾರಣವಿದೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯ. ಗ್ಯಾಲರಿಯಲ್ಲಿ ಹೊಡೆದಾಟವೆದ್ದು, ನೂಕುನುಗ್ಗಲಿನಲ್ಲಿ 16 ಅಭಿಮಾನಿಗಳು ಸತ್ತರು. ಆಟ ನೋಡಲು ಹೋದವರು ಮನೆಗೆ ಮರಳಲಿಲ್ಲ. ಅವರ ನೆನಪಿಗೆ ಆ ದಿನ ಕೋಲ್ಕತ್ತದಲ್ಲಿ ರಕ್ತದಾನ ಮಾಡುವ ರೂಢಿ ಬೆಳೆದಿದೆ.