ಗಡುವು ನಮಗಷ್ಟೇ ಏನು?



ಸಾಲದ ಕಂತು ತಪ್ಪಿದರೆ ಬ್ಯಾಂಕು ದಿನಕ್ಕೆ ದಿನ ಬಡ್ಡಿ ಹಚ್ಚುತ್ತದೆ. ಸರ್ಕಾರ ತನ್ನ ಗಡುವು ತಪ್ಪಿದರೆ?

ಚಿಂತಾಕಿಯ ಒಬ್ಬ ರೈತ ರಾಶಿ ಮಷೀನಿಗೆ ಕೈ ಸಿಕ್ಕು ಕಳಕೊಂಡನೆಂದು ತಿಳಿಯಿರಿ. ಅಂಗವಿಕಲ ವೇತನ ಕೇಳಲು ಮೊದಲು ವೈದ್ಯರ ಪ್ರಮಾಣಪತ್ರ ಬೇಕು, ಅದರಲ್ಲಿ ಶೇ. 40 ಆದರೂ ಇರಬೇಕು. ಆ ಪತ್ರ ಒಂದು ತಿಂಗಳಲ್ಲಿ ಕೊಡಬೇಕೆಂದು ಕೇಂದ್ರದ 2017ರ ನಿಯಮ ಹೇಳಿತ್ತು. 2024ರಲ್ಲಿ ಅದನ್ನು ಮೂರು ತಿಂಗಳಿಗೆ ಎಳೆದರು. ಎರಡು ವರ್ಷ ದಾಟಿದರೂ ತೀರ್ಮಾನವಾಗದಿದ್ದರೆ ಅರ್ಜಿಯೇ ಸತ್ತಂತೆ, ಮತ್ತೆ ಹೊಸದಾಗಿ ಹಾಕಬೇಕು. ತಡ ಅವರದು, ದಂಡ ನಮ್ಮದು! ಇದ್ಯಾವ ನ್ಯಾಯ? ಅಷ್ಟು ದಿನ ಸಾಹುಕಾರನ ಬಡ್ಡಿ ನಿಲ್ಲುತ್ತದೇನು?

ಪತ್ರ ಸಿಕ್ಕ ಮೇಲೆ ವೇತನದ ಅರ್ಜಿ. ಅದಕ್ಕೆ ರಾಜ್ಯದ 2011ರ ಸಕಾಲ ಕಾಯ್ದೆಯ ಬೆಂಬಲವಿದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅರ್ಜಿದಾರ ಪರಿಹಾರ ಕೇಳಬಹುದು. ಮೊತ್ತ ಸಣ್ಣದು, ಆದರೆ ತಪ್ಪು ಯಾರದೆಂದು ಬರವಣಿಗೆಯಲ್ಲಿ ಬೀಳುತ್ತದೆ.

"ಸಾಹೇಬರಿಲ್ಲ, ನಾಳೆ ಬರ್ರಿ" ಅಂದರೆ ಸುಮ್ಮನೆ ತಿರುಗಬೇಡ್ರಿ. ಸಕಾಲ ಸಂಖ್ಯೆಯ ರಶೀದಿ ಇಸಕೊಳ್ರಿ. ಗಡುವು ದಾಟಿದರೆ ಮೇಲ್ಮನವಿ ಹಾಕ್ರಿ. ಅಂಗವಿಕಲನನ್ನು ಒಬ್ಬನೇ ಕಚೇರಿಗೆ ಅಟ್ಟಬೇಡ್ರಿ. ಊರಿನ ನಾಲ್ಕು ಮಂದಿ ಜೊತೆಗೆ ಹೋಗ್ರಿ.